ಅಮೆರಿಕನ್ನರ ಬಗ್ಗೆ ನಾವು ಏನಂದುಕೊಂಡಿದ್ದೇವೆ ಎಂದು ಅಮೆರಿಕನ್ನರೇ ಕೇಳಿದರೆ ಏನು ಹೇಳುವುದು?

ಹಿಮದೂರಿನವಳು:

ಓಹಾಯೋದ ಕೊಲಂಬಸ್‌ನಲ್ಲಿದ್ದೇನೆ, ಐದು ವರ್ಷವಾಯಿತು. ಮೊನ್ನೆ ಆಫೀಸಿನಲ್ಲಿ ಮಧ್ಯಾಹ್ನ ಊಟಕ್ಕೆ ನಾಲ್ಕು ಜನ ಕೂತಿದ್ದೆವು. ಒಬ್ಬ ಜರ್ಮನಿಯವನು, ಒಬ್ಬಳು ಬ್ರೆಜಿಲ್‌ನವಳು, ನಾನು, ಮತ್ತೆ ನಮ್ಮ ಟೀಮಿನ ಹಿರಿಯರೊಬ್ಬರು. ಅವರು ವೆಸ್ಟ್ ವರ್ಜೀನಿಯಾದವರು, ನಿವೃತ್ತಿಗೆ ಹತ್ತಿರ. ಮಾತು ಎಲ್ಲಿಂದ ಎಲ್ಲಿಗೋ ಹೋಗಿ, ಅವರು ಸ್ಯಾಂಡ್‌ವಿಚ್ ಕೆಳಗಿಟ್ಟು ಕೇಳಿಯೇ ಬಿಟ್ಟರು: "ನಿಜ ಹೇಳಿ, ನಿಮ್ಮ ದೇಶಗಳಲ್ಲಿ ನಮ್ಮ ಬಗ್ಗೆ ಏನಂತಾರೆ?"

ಜರ್ಮನಿಯವನು ಹಿಂದೆಮುಂದೆ ನೋಡಲಿಲ್ಲ. ಜೋರಾಗಿ ಮಾತಾಡುತ್ತೀರಿ, ಕಾರಣವಿಲ್ಲದೆ ನಗುತ್ತೀರಿ, ಒಂದು ಬ್ರೆಡ್ ತುಂಡಿಗೂ 'ಅಮೇಜಿಂಗ್' ಅನ್ನುತ್ತೀರಿ ಎಂದ. ಬ್ರೆಜಿಲ್‌ನವಳ ದೂರು ಬೇರೆ. ನೀವೊಬ್ಬರೇ 'ಅಮೆರಿಕನ್' ಹೇಗಾದಿರಿ, ನಾವೂ ಅಮೆರಿಕ ಖಂಡದವರೇ ಅಲ್ವಾ ಎಂದಳು. ನನ್ನ ಸರದಿ ಬಂದಾಗ "ಒಳ್ಳೆ ಜನ ಅಂತಾರೆ" ಎಂದು ಹೇಳಿ ನೀರು ಕುಡಿದೆ. ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ಬರುವ ಮೊದಲು ನನ್ನ ತಲೆಯಲ್ಲಿ ಏನೇನಿತ್ತು ಗೊತ್ತಾ? ಎಲ್ಲರ ಹತ್ತಿರ ಬಂದೂಕು ಇರುತ್ತದೆ. ಹದಿನೆಂಟು ತುಂಬಿದ ಕೂಡಲೇ ಮಕ್ಕಳನ್ನು ಮನೆಯಿಂದ ಕಳಿಸುತ್ತಾರೆ. ಭೂಪಟದಲ್ಲಿ ತಮ್ಮ ದೇಶ ಬಿಟ್ಟು ಬೇರೇನೂ ಗೊತ್ತಿರುವುದಿಲ್ಲ. ಸ್ನೇಹವೆಲ್ಲ ಬರೀ ಬಾಯಿಮಾತು. ಇಲ್ಲಿ ನೋಡಿದರೆ ಪಕ್ಕದ ಮನೆಯ ಹುಡುಗನಿಗೆ ಇಪ್ಪತ್ತಾರು, ಅಪ್ಪ ಅಮ್ಮನ ಜೊತೆಯೇ ಇದ್ದಾನೆ. ಆದರೆ ಸಿನಿಮಾದಲ್ಲಿ ಮಾತ್ರ ಇರುತ್ತದೆ ಅಂದುಕೊಂಡಿದ್ದ ಹಳದಿ ಸ್ಕೂಲ್ ಬಸ್ಸು ನಿಜವಾಗಿಯೂ ಮನೆ ಮುಂದೆ ಬಂದು ನಿಲ್ಲುತ್ತದೆ!

ಸ್ನೇಹದ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಬಂದ ಮೊದಲ ವಾರ ಅಂಗಡಿಯ ಕ್ಯಾಷಿಯರ್ 'ಹೇಗಿದ್ದೀರಿ?' ಎಂದಳು. ನಾನು ನಿಂತು, ಹಲ್ಲುನೋವು, ರಾತ್ರಿ ನಿದ್ದೆಯಿಲ್ಲ ಎಂದು ಪೂರ್ತಿ ವರದಿ ಒಪ್ಪಿಸಿದೆ. ಹಿಂದೆ ಐದು ಜನ ಕಾಯುತ್ತಿದ್ದರು. ಪಾಪ, ಆಕೆಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅದು ಪ್ರಶ್ನೆಯಲ್ಲ, ನಮಸ್ಕಾರ ಎಂದು ನನಗೆ ಯಾರೂ ಹೇಳಿರಲಿಲ್ಲ. ಅವತ್ತು ಇವರದೆಲ್ಲ ನಾಟಕ ಎಂದು ಷರಾ ಬರೆದುಬಿಟ್ಟೆ. ಅದೇ ಚಳಿಗಾಲದಲ್ಲಿ ನನ್ನ ಕಾರು ಹಿಮದಲ್ಲಿ ಹೂತು ಚಕ್ರ ಸುಮ್ನೆ ಗಿರಗಿರ ತಿರುಗುತ್ತಿತ್ತು. ಟ್ರಕ್‌ನಲ್ಲಿ ಹೋಗುತ್ತಿದ್ದವನೊಬ್ಬ ಇಳಿದ, ಸಲಿಕೆ ತೆಗೆದ, ಅರ್ಧ ಗಂಟೆ ಹಿಮ ಬಗೆದ, ಕಾರು ತಳ್ಳಿದ, 'ಹುಷಾರು' ಎಂದು ಹೊರಟೇಹೋದ. ಅವನ ಹೆಸರೂ ಗೊತ್ತಿಲ್ಲ. ದಿನಾ ಕೈಬೀಸುವ ಪಕ್ಕದ ಮನೆಯವರು ಐದು ವರ್ಷದಲ್ಲಿ ಒಮ್ಮೆಯೂ ಒಳಗೆ ಕರೆದಿಲ್ಲ.

ಸೋಮವಾರ ಅವರು ಮತ್ತೆ ಕೇಳುತ್ತಾರೆ, ಬಿಡುವ ಗಿರಾಕಿ ಅಲ್ಲ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ಮ್ಯೂನಿಕ್ ವಾಸಿ:

ನಿಮ್ಮ ಜರ್ಮನ್ ಗೆಳೆಯ ಹೇಳಿದ್ದು ಇಲ್ಲಿ ಎಲ್ಲರೂ ಹೇಳುವ ಮಾತು. ಇಲ್ಲಿ ಗುರುತಿಲ್ಲದವರಿಗೆ ನಕ್ಕರೆ, ಇವನಿಗೆ ನನ್ನಿಂದ ಏನು ಬೇಕಾಗಿದೆ ಎಂದು ನೋಡುತ್ತಾರೆ. ಅಮೆರಿಕದ ದೊಡ್ಡ ಅಂಗಡಿ ಕಂಪನಿ ವಾಲ್‌ಮಾರ್ಟ್ 1997ರಲ್ಲಿ ಜರ್ಮನಿಗೆ ಬಂದು 2006ರಲ್ಲಿ ಗಂಟುಮೂಟೆ ಕಟ್ಟಿತು. ಬೆಲೆ, ಪೈಪೋಟಿ, ಯೂನಿಯನ್ ಹೀಗೆ ಕಾರಣ ಹತ್ತಾರು. ಆದರೆ ಜನ ಇವತ್ತಿಗೂ ನೆನೆಸಿಕೊಂಡು ನಗುವುದು ಅಂಗಡಿ ಬಾಗಿಲಲ್ಲಿ ನಗುತ್ತಾ ಮಾಡುತ್ತಿದ್ದ ಬಲವಂತದ ಸ್ವಾಗತವನ್ನು.

ನಾನೂ ಟ್ರಾಮ್‌ನಲ್ಲಿ ಕೂತು ಇವರು ಅಮೆರಿಕದವರು ಎಂದು ಕಣ್ಣುಮುಚ್ಚಿ ಹೇಳುತ್ತೇನೆ. ದನಿ ಸಾಕು. ಕಣ್ಣುಬಿಟ್ಟರೆ ಬೇಸ್‌ಬಾಲ್ ಟೋಪಿ. ಹೋಟೆಲಿನಲ್ಲಾದರೆ ಮೊದಲು ಕೇಳುವುದು ಐಸ್. ಒಮ್ಮೆ ಬ್ಯಾಗಿನ ಮೇಲೆ ಕೆನಡಾ ಬಾವುಟ ಹೊಲಿದುಕೊಂಡಿದ್ದವನ ಜೊತೆ ರೈಲಿನಲ್ಲಿ ಎರಡು ಗಂಟೆ ಮಾತಾಡಿದೆ. ಇಳಿಯುವಾಗ ಮೆಲ್ಲಗೆ ಹೇಳಿದ, ತಾನು ಟೆಕ್ಸಾಸ್‌ನವನು ಎಂದು. ನಮ್ಮ ಸರ್ಕಾರ ಮಾಡಿದ್ದಕ್ಕೆಲ್ಲ ನನ್ನನ್ನು ಜವಾಬು ಕೇಳುತ್ತಾರೆ, ಅದಕ್ಕೇ ಹೀಗೆ ಎಂದ. ಆಮೇಲೆ ನಾನು ಬಾವುಟ ನೋಡಿ ನಂಬುವುದು ಬಿಟ್ಟಿದ್ದೇನೆ.

ಹಳೇ ಮಿಷಿಗನ್:

ತಂಗಿ, ನಾನು 1994ರಲ್ಲಿ ಡೆಟ್ರಾಯಿಟ್ ಹತ್ತಿರ ಬಂದವನು. ಇಷ್ಟು ವರ್ಷದ ಮೇಲೆ ಅನ್ನಿಸುವುದು, ನಾವು ಸ್ವಭಾವ ಅಂದುಕೊಳ್ಳುವ ಅರ್ಧ ವಿಷಯಗಳ ಹಿಂದೆ ಒಂದು ಕಾನೂನೋ ಲೆಕ್ಕವೋ ಇರುತ್ತದೆ. ಹೋಟೆಲಿನ ಹುಡುಗಿ ನಿಮ್ಮ ಮೇಜಿಗೆ ನಾಲ್ಕು ಸಲ ನಗುತ್ತಾ ಬರುತ್ತಾಳಲ್ಲ, ಫೆಡರಲ್, ಅಂದರೆ ಇಡೀ ದೇಶದ, ಕಾನೂನಿನಲ್ಲಿ ಟಿಪ್ಸ್ ಸಿಗುವ ಕೆಲಸಕ್ಕೆ ಮಾಲೀಕ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಅಷ್ಟೇ ಇದೆ. ಕೆಲವು ರಾಜ್ಯಗಳಲ್ಲಿ ಜಾಸ್ತಿ, ಅದು ಬೇರೆ ಮಾತು. ಬಾಡಿಗೆ ಕಟ್ಟಬೇಕಾದವಳು ನಗದೆ ಏನು ಮಾಡುತ್ತಾಳೆ?

ಅಮೆರಿಕನ್ನರು ಪ್ರಪಂಚ ನೋಡಿಲ್ಲ ಅನ್ನುತ್ತಾರೆ. ಯುರೋಪಿಯನ್ ಒಕ್ಕೂಟದಲ್ಲಿ ವರ್ಷಕ್ಕೆ ಕನಿಷ್ಠ ನಾಲ್ಕು ವಾರ ಸಂಬಳದ ರಜೆ ಕಾನೂನು. ಇಲ್ಲಿ ಫೆಡರಲ್ ಕಾನೂನಿನಲ್ಲಿ ಒಂದು ದಿನವೂ ಇಲ್ಲ, ಕಂಪನಿ ಕೊಟ್ಟರೆ ಉಂಟು. ನ್ಯೂಯಾರ್ಕಿನಿಂದ ಲಾಸ್ ಏಂಜಲೀಸ್‌ಗೆ ರಸ್ತೆಯಲ್ಲಿ ಸುಮಾರು 4,500 ಕಿಲೋಮೀಟರ್. ಒಂದು ವಾರದ ರಜೆಯಲ್ಲಿ ಕಾರಿನಲ್ಲಿ ತಮ್ಮ ದೇಶವನ್ನೇ ದಾಟಿ ವಾಪಸ್ ಬರುವುದು ಕಷ್ಟ.

ಇನ್ನೊಂದು, ಇವರು ಎಲ್ಲದಕ್ಕೂ ಕೇಸು ಹಾಕುತ್ತಾರೆ ಎನ್ನಲು ಹೇಳುವ, ಬಿಸಿ ಕಾಫಿ ಚೆಲ್ಲಿಕೊಂಡು ಕೋಟಿ ಹೊಡೆದ ಅಜ್ಜಿಯ ಜೋಕು. ನಾನೂ ಹೇಳಿ ನಕ್ಕವನೇ. ಆಮೇಲೆ ಕೇಸಿನ ಬಗ್ಗೆ ಓದಿ ನಾಚಿಕೆಯಾಯಿತು. 1992, ನ್ಯೂ ಮೆಕ್ಸಿಕೋ. ಆಕೆಗೆ 79. ಕಾರು ಓಡುತ್ತಿರಲಿಲ್ಲ, ನಿಂತಿತ್ತು. ಸ್ಟೀರಿಂಗ್ ಹಿಡಿದಿದ್ದವನು ಮೊಮ್ಮಗ. ಮ್ಯಾಕ್‌ಡೊನಾಲ್ಡ್ಸ್ ಕಾಫಿ 80 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿ. ತೊಡೆ ಬೆಂದು ಚರ್ಮದ ಕಸಿ ಮಾಡಬೇಕಾಯಿತು. ಆಕೆ ಮೊದಲು ಕೇಳಿದ್ದು 20,000 ಡಾಲರ್. ಕಂಪನಿ ಕೊಡುತ್ತೇನೆ ಅಂದಿದ್ದು 800. ಆಮೇಲೆ ಜ್ಯೂರಿ 27 ಲಕ್ಷ ಡಾಲರ್ ದಂಡ ಹಾಕಿತು, ಜಡ್ಜ್ ಅದನ್ನು 4,80,000ಕ್ಕೆ ಇಳಿಸಿದರು. ಇಳಿಸಿದ್ದು ಯಾವ ಜೋಕಿನಲ್ಲೂ ಬರುವುದಿಲ್ಲ.

ಬಂದೂಕಿನ ವಿಷಯದಲ್ಲಿ ಮಾತ್ರ ನಾನು ಅವರ ಪರ ವಕಾಲತ್ತು ವಹಿಸುವುದಿಲ್ಲ. ಮಕ್ಕಳು ಶಾಲೆಯಲ್ಲಿ ಗುಂಡಿನ ದಾಳಿಯಾದರೆ ಎಲ್ಲಿ ಅಡಗಬೇಕು ಎಂದು ಕಲಿತು ಬಂದು ಮನೆಯಲ್ಲಿ ಆಟದ ಹಾಗೆ ಹೇಳುತ್ತಾರೆ. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಸುಮ್ನೆ ಓದುಗ:

ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದವರಿಗೆ ಸಾರ್ವಜನಿಕ ಟಾಯ್ಲೆಟ್ ಬಾಗಿಲಿನ ಸುತ್ತ ಬಿಡುವ ಸಂದು ಮುಚ್ಚಲು ಯಾಕೆ ಆಗುವುದಿಲ್ಲ? ಸೋಮವಾರ ಇದೊಂದು ಕೇಳಿ ಮೇಡಂ. ಉಳಿದದ್ದೆಲ್ಲ ಕ್ಷಮಿಸಬಹುದು.

ಹಿಮದೂರಿನವಳು:

ಕೇಳಿದೆ! ಟಾಯ್ಲೆಟ್ ಬಾಗಿಲಿಗೆ ಅವರ ಹತ್ತಿರವೂ ಉತ್ತರವಿಲ್ಲ.

ಕೊನೆಗೆ ಪಟ್ಟಿ ಒಪ್ಪಿಸುವುದು ಬೇಡ ಎಂದು ಹಲ್ಲುನೋವಿನ ಕತೆ ಮತ್ತು ಹಿಮದ ಕತೆ, ಎರಡನ್ನೂ ಹೇಳಿದೆ. ಮೊದಲನೆಯದಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎರಡನೆಯದಕ್ಕೆ, ಹೆಸರು ಯಾಕೆ ಹೇಳಬೇಕು, ಕಾರು ಹೊರಗೆ ಬಂತಲ್ಲ ಎಂದರು. ಅವರಿಗೆ ಅದರಲ್ಲಿ ವಿಶೇಷವೇ ಕಾಣಲಿಲ್ಲ. ಪಕ್ಕದ ಮನೆಯವರ ಬಗ್ಗೆ ಕೇಳಿದಾಗ ಸ್ವಲ್ಪ ಯೋಚಿಸಿ, "ನೀನು ಅವರನ್ನು ಕರೆದಿದ್ದೀಯಾ?" ಎಂದರು. ಇಲ್ಲ. ನಾನೂ ಕರೆದಿಲ್ಲ.

ಆಮೇಲೆ ತಮ್ಮ ಕತೆ ತೆಗೆದರು. ಹರೆಯದಲ್ಲಿ ವೆಸ್ಟ್ ವರ್ಜೀನಿಯಾದಿಂದ ಇಲ್ಲಿ ಕೆಲಸಕ್ಕೆ ಬಂದಾಗ, ನಿಮ್ಮ ಗುಡ್ಡದಲ್ಲಿ ಜನ ಶೂ ಹಾಕುತ್ತಾರಾ ಎಂದು ಕೇಳಿದ್ದರಂತೆ. ಈಗಲೂ ವೆಸ್ಟ್ ವರ್ಜೀನಿಯಾ ಅಂದರೆ, ರಿಚ್ಮಂಡ್ ಹತ್ತಿರವಾ ಅನ್ನುತ್ತಾರಂತೆ. ರಿಚ್ಮಂಡ್ ಇರುವುದು ವರ್ಜೀನಿಯಾದಲ್ಲಿ, ಇವರ ರಾಜ್ಯ ಅದರಿಂದ ಬೇರೆಯಾಗಿದ್ದು 1863ರಲ್ಲಿ.

"ಹೊರದೇಶದವರು ನನ್ನನ್ನೂ ಉಳಿದ ಅಮೆರಿಕನ್ನರ ಜೊತೆ ಸೇರಿಸಿ ಬೈತಾರೆ ಅಂದರೆ," ಎಂದು ಡಬ್ಬಿ ಮುಚ್ಚುತ್ತಾ ಹೇಳಿದರು, "ನನಗದು ಬಡ್ತಿ."