ಚಟ್ಟಿಯ ಜೆರೇನಿಯಂಗೆ ಕನ್ನಡದಲ್ಲಿ ಎಂತ ಬರೆಯುವುದು?

ನಮಸ್ಕಾರ ಎಲ್ಲರಿಗೂ. ಮಂಗಳೂರಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಟೆರೇಸಲ್ಲಿರುವ ಹೂವಿನ ಚಟ್ಟಿಗಳಿಗೆ ಕನ್ನಡದಲ್ಲಿ ಹೆಸರಿನ ಚೀಟಿ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಕೇಪಳ, ಅಬ್ಬಲಿಗೆ, ದಾಸವಾಳಕ್ಕೆಲ್ಲ ಸಮಸ್ಯೆ ಇಲ್ಲ, ಸಿಕ್ಕಿಬಿದ್ದದ್ದು ಜೆರೇನಿಯಂ ಹತ್ರ.

ವಿಷಯ ಎಂತ ಅಂದ್ರೆ, ನರ್ಸರಿಯವರು ಜೆರೇನಿಯಂ ಅಂತ ಕೊಡುವ ಗಿಡ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಪೆಲಾರ್ಗೋನಿಯಂ, ಮೂಲ ದಕ್ಷಿಣ ಆಫ್ರಿಕಾ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಇದನ್ನೂ ನಿಜವಾದ ಜೆರೇನಿಯಮ್ಮನ್ನೂ ಒಂದೇ ಕುಲಕ್ಕೆ ಹಾಕಿದ್ದ, 1789ರಲ್ಲಿ ಲೆರಿಟಿಯೇ ಅನ್ನುವ ಫ್ರೆಂಚ್ ಸಸ್ಯಶಾಸ್ತ್ರಜ್ಞ ಬೇರೆ ಮಾಡಿದ, ಆದ್ರೆ ಅಷ್ಟರಲ್ಲಿ ಹಳೇ ಹೆಸರು ಜನರ ಬಾಯಲ್ಲಿ ಕೂತು ಆಗಿತ್ತು. ಹೂ ನೋಡಿದ್ರೆ ವ್ಯತ್ಯಾಸ ಗೊತ್ತಾಗ್ತದೆ, ನಿಜವಾದ ಜೆರೇನಿಯಮ್ಮಿನ ಐದು ಎಸಳೂ ಒಂದೇ ನಮೂನೆ, ಇದರಲ್ಲಿ ಮೇಲಿನ ಎರಡು ಬೇರೆ, ಕೆಳಗಿನ ಮೂರು ಬೇರೆ (ಈಗಿನ ಡಬಲ್ ಹೂಗಳಲ್ಲಿ ಇದೂ ಸರಿ ಕಾಣುವುದಿಲ್ಲ ಬಿಡಿ).

ಗ್ರೀಕಲ್ಲಿ ಗೆರಾನೋಸ್ ಅಂದ್ರೆ ಕ್ರೌಂಚ, ಪೆಲಾರ್ಗೋಸ್ ಅಂದ್ರೆ ಕೊಕ್ಕರೆ. ಎಸಳು ಉದುರಿದ ಮೇಲೆ ಉಳಿಯುವ ಕಾಯಿ ಕೊಕ್ಕಿನ ಹಾಗೆ ಉದ್ದಕ್ಕೆ ಚೂಪಾಗಿ ನಿಂತಿರ್ತದೆ, ಒಣಗಿದಾಗ ಐದು ಸೀಳಾಗಿ ಸುರುಳಿ ಸುತ್ತಿಕೊಳ್ತದೆ. ಇದನ್ನೇ ಹಿಡಿದು ನೆರೆಮನೆಯವರೊಬ್ಬರು "ಕೊಕ್ಕರೆಹೂ ಅಂತ ಬರೀರಿ ಮಾರಾಯ್ರೆ" ಅಂದ್ರು. ನಂಗೆ ಮನಸ್ಸಿಲ್ಲ, ಆ ಹೆಸರು ಹೇಳಿ ನರ್ಸರಿಗೆ ಹೋದ್ರೆ ಬರಿಗೈಲಿ ಬರಬೇಕಷ್ಟೆ. ದೊಡ್ಡಕ್ಕೆ ಜೆರೇನಿಯಂ, ಕೆಳಗೆ ಸಣ್ಣಕ್ಕೆ ಪೆಲಾರ್ಗೋನಿಯಂ, ಇಷ್ಟು ಸಾಕು ಅಂತ ನನ್ನ ಲೆಕ್ಕ.

ಪರಿಮಳದ ಎಲೆಯದ್ದು ಒಂದುಂಟು, ಅದನ್ನು ನುಸಿ ಓಡಿಸುವ ಸಿಟ್ರೊನೆಲ್ಲಾ ಗಿಡ ಅಂತ ಮಾರ್ತಾರೆ, ಅದೂ ಪೆಲಾರ್ಗೋನಿಯಮ್ಮೇ, ನಿಜವಾದ ಸಿಟ್ರೊನೆಲ್ಲಾ ಎಣ್ಣೆ ತೆಗೆಯುವುದು ಮಜ್ಜಿಗೆಹುಲ್ಲಿನ ಜಾತಿಯ ಹುಲ್ಲಿಂದ. ಅದಕ್ಕೆ ಪರಿಮಳದ ಜೆರೇನಿಯಂ ಅಂತ ಬರೆದು ಮುಗಿಸಿದೆ.

ಈಗ ಕೇಳ್ಬೇಕಾದ್ದು ಜೋನಲ್ ಜೆರೇನಿಯಂ ಬಗ್ಗೆ. ಎಲೆಯ ಮೇಲೆ ಕುದುರೆ ಲಾಳದ ಆಕಾರದಲ್ಲಿ ಕಂದು ಪಟ್ಟೆ ಬರ್ತದಲ್ಲ, ಅದಕ್ಕೇ ಜೋನಲ್ ಅನ್ನುವುದು. "ವಲಯ ಜೆರೇನಿಯಂ" ಅಂತ ಬರೆದ್ರೆ ವಲಯ ಅರಣ್ಯಾಧಿಕಾರಿಗಳ ಆಫೀಸಿಂದ ತಂದ ಹಾಗೆ ಕೇಳ್ತದೆ. ಪಟ್ಟೆ ಎಲೆ ಅನ್ನುವಾ ಅಂದ್ರೆ ಕ್ರೋಟನ್ನಿಗೂ ಅದೇ ಆಯ್ತು. ಲಾಳದೆಲೆ, ಬಳೆಯೆಲೆ, ಇದರಲ್ಲಿ ಯಾವುದು ಓದ್ಲಿಕ್ಕೆ ಸರಿ ಕಾಣ್ತದೆ? ಉಡುಪಿ, ಕುಂದಾಪುರ ಕಡೆ ಅಥವಾ ತುಳುವಲ್ಲಿ ಎಲೆಯ ಇಂಥ ಗುರುತಿಗೆ ಬೇರೆ ಮಾತು ಉಂಟಾ?