ತೆಪ್ಪ ನಡೆಸೋದೋ, ಪಂಜರಕ್ಕೆ ಸಾಲ ಮಾಡೋದೋ? ಅನುಭವ ಇದ್ದೋರು ಹೇಳ್ರಿ

ಹಿನ್ನೀರ ಹುಡುಗ: ಅಣ್ಣಾರೆ, ನಮ್ದು ತುಂಗಭದ್ರಾ ಹಿನ್ನೀರು, ಹಗರಿಬೊಮ್ಮನಹಳ್ಳಿ ಕಡೆ. ಅಪ್ಪಗ ಮೊಣಕಾಲು ನೋವು, ಈ ವರ್ಷ ಮೀನು ಹಿಡಿಯೋ ಲೈಸೆನ್ಸ್ ನಿನ್ನ ಹೆಸರಿಗೆ ಮಾಡಿಸ್ಕೋ ಅಂತಾನ. ಗೆಳೆಯ ನೋಡಿದ್ರ ಕೇಂದ್ರದ ಮತ್ಸ್ಯ ಸಂಪದ ಯೋಜನೆದಾಗ, ನೀರಾಗ ಮೀನು ಸಾಕೋ ಪಂಜರಕ್ಕ ಸಬ್ಸಿಡಿ ಐತಿ ಅಂತಾನ. ಸಾಹುಕಾರನ ಮುಂಗಡ 40 ಸಾವಿರ ತೀರಿಲ್ಲ, ತೀರೋತನಕ ಮೀನು ಅವಗೇ ಹಾಕ್ಬೇಕು. ಏನ್ ಮಾಡ್ಲಿ?

ಪಂಜರದಲ್ಲಿ ಸಿಕ್ಕವನು: ಊರು ಹೇಳಲ್ಲ, ನೆಂಟರು ಓದ್ತಾರೆ. ಎರಡು ಪಂಜರ ಹಾಕಿದೆ. ಒಂದಕ್ಕೆ 3 ಲಕ್ಷ ಲೆಕ್ಕ, 40 ಪರ್ಸೆಂಟ್ ಸಬ್ಸಿಡಿ. ಆದರೆ ಅದು ಕೈಗೆ ಬಂದದ್ದು ಹನ್ನೊಂದು ತಿಂಗಳ ಮೇಲೆ, ಅಲ್ಲೀತನಕ ಪೂರ್ತಿ 6 ಲಕ್ಷಕ್ಕೂ ಬಡ್ಡಿ ಕಟ್ಟಿದ್ದೀನಿ. ಫೀಡು ಕೆಜಿಗೆ 42. ಒಂದು ಕೆಜಿ ಮೀನಿಗೆ ಒಂದೂವರೆ ಕೆಜಿ ಹಾಕ್ಬೇಕು, ಅಂದ್ರೆ ಫೀಡಿಗೇ 63 ಹೋಯ್ತು. ದಲ್ಲಾಳಿ ಕೊಟ್ಟಿದ್ದು 85. ಮರಿ, ಕಾವಲು, ಡೀಸೆಲ್ ಎಲ್ಲ ಆ 22 ರೂಪಾಯಲ್ಲೇ. ಏಪ್ರಿಲ್‌ನಲ್ಲಿ ನೀರು ಇಳಿದು ಒಂದೇ ರಾತ್ರಿ ಮುಕ್ಕಾಲು ಪಾಲು ಮೀನು ಹೊಟ್ಟೆ ಮೇಲೆ ಮಾಡಿದ್ವು. ಗುಂಡಿ ತೋಡಿ ಹೂಳೋಕೆ ಜೆಸಿಬಿ ಬಾಡಿಗೆ 2,800, ಅದೂ ನಾನೇ ಕೊಟ್ಟೆ.

ಬಲಿ ಮನಿ: ಆಳ ಇರೋ ಕಡೆ ಹಾಕದೆ ದಂಡೀಲಿ ಹಾಕಿದ್ರ ಇನ್ನೇನಾಗ್ತದ? ನಂದು ಕೇಳ್ರಿ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋತಲ್ಲ, ಮೀನು ಹಿಡಿಯೋದು ಎರಡು ತಿಂಗಳ ಬಂದ್ ಇದ್ದದ್ದು ಮುಗಿಸಿ ಆಗಷ್ಟೇ ಸಾಲದಾಗ ಹೊಸ ಬಲಿ ಕಟ್ಟಿದ್ದೆ. ನೀರು ಹಿಂದ ಸರದು ಹದಿನಾಲ್ಕು ಬಲಿ ಜಾಲಿಗಿಡಕ್ಕ ಸಿಕ್ಕು ಕೆಸರಾಗ ಕುಂತ್ವು. ಬಿಡಿಸಿದ್ದು ಐದು. ಆದ್ರೂ ತೆಪ್ಪ ಬಿಟ್ಟಿಲ್ಲ, ಬಿಡಂಗೂ ಇಲ್ಲ.

ಐಸ್‌ಪೆಟ್ಟಿಗೆ ಅಕ್ಕ: ಬಿಡಬೇಡ್ರಿ, ಸಾಹುಕಾರನಿಗೆ ಕೆಜಿಗೆ 110ಕ್ಕೆ ಕಟ್ಲಾ ಮೀನು ಹಾಕ್ಕೊಂಡೇ ಇರ್ರಿ! ನಾನು ತಾಳಿ ಅಡ ಇಟ್ಟು ಮುಂಗಡ ತೀರಿಸ್ದೆ. ಐಸ್‌ಪೆಟ್ಟಿಗೆ ತಗೊಂಡು ರಸ್ತೆ ಬದಿ ಕೂತೆ. ಅದೇ ಕಟ್ಲಾ 180. ಮೊದಲ ವಾರ ಐಸ್ ಸಾಲದೆ ಒಂಬತ್ತು ಕೆಜಿ ಕೊಳೀತು, ಅತ್ತೆ ಇವತ್ತಿಗೂ ಆಡ್ಕೋತಾರೆ. ತಾಳಿ ಬಿಡಿಸ್ಕೊಂಡಿದ್ದೀನಿ, ಅದನ್ನೂ ಹೇಳ್ಕೊಳ್ಲಿ.

ಬಲಿ ಮನಿ: ಅಕ್ಕಾರೆ, ಗಂಡ ಹಿಡದು ತಂದದ್ದನ್ನ ಮಾರೋದು ಸಸಾರ. ರಾತ್ರಿ ಗಾಳ್ಯಾಗ ತೆಪ್ಪ ನಡೆಸಿ ನೋಡ್ರಿ.

ಐಸ್‌ಪೆಟ್ಟಿಗೆ ಅಕ್ಕ: ಗಂಡ ಇಲ್ಲಪ್ಪ. ಮೂರು ವರ್ಷದ ಹಿಂದೆ ಆ ಗಾಳೀಲೇ ತೆಪ್ಪ ಮಗುಚ್ತು. ಹೆಸರು ನೋಂದಾಯ್ಸಿದ್ರೆ ವಿಮೆ 5 ಲಕ್ಷ ಬರ್ತಿತ್ತು. ಲೈಸೆನ್ಸ್ ಭಾವನ ಹೆಸರಲ್ಲಿತ್ತು, ನಮಗೆ ಬಿಡಿಗಾಸಿಲ್ಲ.

ಬಲಿ ಮನಿ: ತಪ್ಪಾತು ಅಕ್ಕಾರೆ. ಆದ್ರ ಮೀನೇ ಇಲ್ಲದಂಗ ಮಾಡಿದ್ದು ಅಲಿವಿ ಬಲಿಯೋರು, ಅದೇ ಸಣ್ಣ ಕಣ್ಣಿನ ಎಳಿಯೋ ಬಲಿಯೋರು. ಇಲಾಖೆ ಬಿತ್ತನೆ ಮರಿ ಬಿಟ್ಟ ವಾರಕ್ಕ ಬಳಕೊಂಡು ಒಣ ಹಾಕ್ತಾರ.

ದಂಡಿಮ್ಯಾಗಿನವ: ನಾನೂ ಅಲಿವಿ ಎಳದೀನಿ, ಕೂಲಿಗೆ. ಅದಕ್ಕ ಬೀಳೋದು ಎಷ್ಟು ವರ್ಷ ಬಿಟ್ರೂ ಬೆರಳುದ್ದ ದಾಟದ ಸಣ್ಣ ಜಾತಿ. ಡ್ಯಾಮ್ 133 ಟಿಎಂಸಿ ಇದ್ದದ್ದು ಹೂಳು ತುಂಬಿ 105ಕ್ಕ ಬಂದೈತಿ. ಅದನ್ನೂ ನಾವೇ ಹಿಡದು ಒಣಗಿಸಿದ್ವೇನು?

ಪಂಜರದಲ್ಲಿ ಸಿಕ್ಕವನು: ನನ್ನ ಸಬ್ಸಿಡಿ ವಿಷಯಕ್ಕೆ ಯಾರೂ ಏನೂ ಹೇಳ್ಲಿಲ್ಲ.

ಬಲಿ ಮನಿ: ತಡೀಪಾ. ದಂಡಿಮ್ಯಾಗಿನವ, ನಿಮ್ಮ ಒಣಮೀನ ರಾಶಿ ಫೋಟೋ ಹಾಕು. ಅದ್ರಾಗ ರೋಹು ಮರಿ ಎಷ್ಟದಾವ ನಾನೇ ಎಣಿಸ್ತೀನಿ.

ದಂಡಿಮ್ಯಾಗಿನವ: ಮೊದ್ಲು ನಿನ್ನ ಬಲಿ ಕಣ್ಣಿಗೆ ಸ್ಕೇಲ್ ಹಿಡದು ಫೋಟೋ ಹಾಕು, ಅದೆಷ್ಟು ಸಣ್ಣದೈತಿ ನಾವೂ ನೋಡ್ತೀವಿ.