ಜಂಕ್ಷನ್‌ನಲ್ಲಿ ಅಂಚಿನ ಬಿರುಕು: ಬೋಲ್ಟ್ ಹೆಚ್ಚಿಸಿದರೆ ಸಾಲದೇ, ಟ್ರಸ್ ಯಾಕೆ?

ಲಿಂಗಸುಗೂರಿನವನು:

ಎಲ್ಲರಿಗೂ ನಮಸ್ಕಾರ. ಗಣಿ ಡಿಪ್ಲೊಮಾ ಮುಗಿಸಿ, ತೆಲಂಗಾಣದ ಗೋದಾವರಿ ಕಣಿವೆಯ ಒಂದು ನೆಲದಡಿ ಕಲ್ಲಿದ್ದಲು ಗಣಿಯಲ್ಲಿ ತರಬೇತಿ ಪಡೆಯುತ್ತಿದ್ದೇನೆ. ಗ್ಯಾಲರಿಯ (ಗಣಿಯೊಳಗಿನ ಸುರಂಗದಾರಿಯ) ಅಗಲ 4.2 ಮೀಟರ್. ಛಾವಣಿಯಲ್ಲಿ ತೆಳು ಪದರಗಳ ಶೇಲ್, ಅದರ ಮೇಲೆ ಮರಳುಗಲ್ಲು. ಛಾವಣಿಯಲ್ಲಿ ರಂಧ್ರ ಕೊರೆದು, ನೆನೆಸಿದ ಸಿಮೆಂಟ್ ಕ್ಯಾಪ್ಸೂಲ್ ತುಂಬಿ, 1.8 ಮೀಟರ್ ಬೋಲ್ಟ್‌ಗಳನ್ನು (ಉಕ್ಕಿನ ಸರಳುಗಳನ್ನು) ಹಾಕುತ್ತೇವೆ. ಈಗ ಗ್ಯಾಲರಿಗಳು ಕೂಡುವ ಒಂದು ಜಂಕ್ಷನ್‌ನಲ್ಲಿ, ಆಸರೆಗೆಂದು ಕಡಿಯದೆ ಬಿಟ್ಟ ಕಲ್ಲಿದ್ದಲಿನ ಪಿಲ್ಲರ್ ಅಂಚಿನುದ್ದಕ್ಕೂ ಛಾವಣಿ ಬಿರುಕು ಬಿಟ್ಟಿದೆ. ಅಲ್ಲಿ ಟ್ರಸ್ (ಎರಡು ಓರೆ ಬೋಲ್ಟ್‌ಗಳನ್ನು ಅಡ್ಡ ಸರಳಿನಿಂದ ಬಿಗಿದ ಆಸರೆ) ಹಾಕಬೇಕೆಂದು ನಿರ್ಧಾರವಾಗಿದೆ. ಬೋಲ್ಟ್ ಒಂದೊಂದೂ ಹಲವು ಟನ್ ತಾಳುತ್ತದೆ ಎಂದ ಮೇಲೆ ಅಲ್ಲೇ ಇನ್ನೂ ನಾಲ್ಕು ಬೋಲ್ಟ್ ಹಾಕಿದರೆ ಆಗುವುದಿಲ್ಲವೇ? ಟ್ರಸ್ ಹಾಕುವಾಗ ನಾನು ಏನನ್ನು ಗಮನಿಸಬೇಕು? ಅನುಭವಿಗಳು ದಯವಿಟ್ಟು ತಿಳಿಸಿ.

ಹಟ್ಟಿ ಕಡೆಯವನು:

ನಮ್ಮ ಚಿನ್ನದ ಗಣಿಯಲ್ಲಿ ಕಲ್ಲಿನ ಸ್ವಭಾವವೇ ಬೇರೆ. ಗಟ್ಟಿ ಬಂಡೆ, ಚಪ್ಪಟೆ ಪದರಗಳಿಲ್ಲ. ಸೀಳುಗಳ ನಡುವೆ ಸಿಕ್ಕಿಕೊಂಡ ತುಂಡುಗಳು ಕಳಚದಂತೆ ರಾಕ್ ಬೋಲ್ಟ್, ದೊಡ್ಡ ಸ್ಟೋಪ್‌ಗಳಿಗೆ (ಅದಿರು ತೆಗೆದ ಪೊಳ್ಳುಗಳಿಗೆ) ಕೇಬಲ್ ಬೋಲ್ಟ್. ಕೆಜಿಎಫ್‌ನ ಹಿರಿಯರಿಗಂತೂ ಕಲ್ಲು ಸಿಡಿಯುವುದೇ ದೊಡ್ಡ ಭಯವಾಗಿತ್ತು. ಅಲ್ಲಿ ಸ್ಟೋಪ್‌ಗಳನ್ನು ಗ್ರಾನೈಟ್ ಕಲ್ಲಿನ ಕಟ್ಟಡದಿಂದ, ಆಮೇಲೆ ಕಾಂಕ್ರೀಟಿನಿಂದ ಹಿಡಿಸಿದ್ದರು. ಟ್ರಸ್ ಬಗ್ಗೆ ಕಲ್ಲಿದ್ದಲಿನವರೇ ಹೇಳಬೇಕು.

ನಿವೃತ್ತ ಓವರ್‌ಮನ್, ಸಿಂಧನೂರು:

ತಮ್ಮಾ, ಟ್ರಸ್ ಆಮೇಲೆ. ಅಂಚಿನಲ್ಲಿ ಬಿರುಕು ಬಿಟ್ಟ ಛಾವಣಿಯ ಕೆಳಗೆ ಮರದ ಚಾಕ್ (ಅಡ್ಡಡ್ಡ ಪೇರಿಸಿದ ದಿಮ್ಮಿಗಳ ಆಸರೆ), ಪ್ರಾಪ್ (ಊರುಗಂಬ) ನಿಲ್ಲಿಸುವವರೆಗೆ ಯಾರೂ ಡ್ರಿಲ್ ಹಿಡಿದು ಹೋಗಬಾರದು. ತರಬೇತಿಯವನೆಂದು ಸುಮ್ಮನಿರಬೇಡ, ಪಾಳಿಯ ಸುರಕ್ಷತೆ ನೋಡುವ ಸರ್ದಾರರಿಗೆ ಬಾಯಿಬಿಟ್ಟು ಹೇಳು.

ಈಗ ನಿನ್ನ ಪ್ರಶ್ನೆ. ಬೋಲ್ಟ್ ಎಂದರೆ ಛಾವಣಿಯನ್ನು ಮೇಲಕ್ಕೆ ನೇತುಹಾಕುವ ಮೊಳೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದರ ತುದಿ ಮೇಲಿನ ಮರಳುಗಲ್ಲಿನಲ್ಲಿ ಚೆನ್ನಾಗಿ ಕಚ್ಚಿಕೊಂಡಿದ್ದರೆ ಆ ಮಾತು ನಿಜವೇ. ಶೇಲ್ ದಪ್ಪವಾಗಿದ್ದು ತುದಿ ಅಲ್ಲಿಗೆ ಮುಟ್ಟದಿದ್ದರೆ ಬೋಲ್ಟ್ ಮಾಡುವ ಕೆಲಸ ಬೇರೆ: ಪದರಗಳು ಒಂದರ ಮೇಲೊಂದು ಜಾರದಂತೆ ಹಿಡಿದು ಅವನ್ನು ಒಂದೇ ತೊಲೆಯಾಗಿ ಮಾಡುವುದು. ನಾಲ್ಕು ಬಿದಿರ ದಬ್ಬೆಗಳನ್ನು ಬಿಡಿಯಾಗಿ ಒಟ್ಟಿಟ್ಟು ಬಾಗಿಸಿ ನೋಡು, ಅಂಟಿಸಿ ಬಾಗಿಸಿ ನೋಡು. ಸಮ ದಪ್ಪದ ನಾಲ್ಕು ಪದರಗಳು ಪೂರ್ತಿ ಒಂದಾದರೆ ಅದೇ ಭಾರಕ್ಕೆ ಬಾಗುವುದು ಹದಿನಾರರಲ್ಲಿ ಒಂದು ಪಾಲು ಮಾತ್ರ. ನಮ್ಮ ಕಲ್ಲಿದ್ದಲು ಗಣಿಗಳಲ್ಲಿ ಛಾವಣಿ ಎಷ್ಟು ಗಟ್ಟಿ ಎಂದು ಅಂಕ ಕೊಟ್ಟು ಅಳೆಯುವ ಆರ್‌ಎಂಆರ್ ಪಟ್ಟಿಯಲ್ಲಿ 100ಕ್ಕೆ 30 ಅಂಕ ಪದರದ ದಪ್ಪಕ್ಕೆ, ಕಲ್ಲಿನ ಬಲಕ್ಕೆ ಬರೀ 15. ಹಾಗೆ ಇಟ್ಟಿರುವುದು ಸುಮ್ಮನೆ ಅಲ್ಲ.

ಆದರೆ ನಿನ್ನ ಜಂಕ್ಷನ್‌ನಲ್ಲಿ ಕೆಟ್ಟಿರುವುದು ತೊಲೆಯ ನಡುವಲ್ಲ, ತೊಲೆ ಪಿಲ್ಲರ್ ಮೇಲೆ ಕೂರುವ ಜಾಗ. ಅಂಚಿನ ಬಿರುಕು ಮೇಲೇರುತ್ತ ಬೋಲ್ಟ್‌ಗಳ ತುದಿಯನ್ನು ದಾಟಿತೆಂದರೆ, ಬೋಲ್ಟ್ ಬಾಯಿಯ ಪ್ಲೇಟ್ ಒಂದೂ ಸಡಿಲವಾಗದೆ ಇಡೀ ಛಾವಣಿ ಬೋಲ್ಟ್‌ಗಳ ಸಮೇತ ಕೆಳಗೆ ಬರುತ್ತದೆ. ಅಂಥ ಕುಸಿತವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಿದ್ದ ಕಲ್ಲಿನಲ್ಲಿ ಬೋಲ್ಟ್‌ಗಳೆಲ್ಲ ಹಾಕಿದ ಹಾಗೆಯೇ ಇದ್ದವು. ನೀನು ನೆಟ್ಟಗೆ ಹಾಕುವ ಇನ್ನೂ ನಾಲ್ಕು ಬೋಲ್ಟ್ ಕೂಡ ಆ ಬೀಳುವ ಕಲ್ಲಿನೊಳಗೇ ಇರುತ್ತವೆ. ಅದರ ಮೇಲೆ ಜಂಕ್ಷನ್ ಬೇರೆ: ಗ್ಯಾಲರಿ 4.2 ಮೀಟರ್ ಆದರೆ ಮೂಲೆಯಿಂದ ಮೂಲೆಗೆ 5.9 ಮೀಟರ್ ಆಗುತ್ತದೆ. ಮೂಲೆಗಳಿಂದ ಕಲ್ಲಿದ್ದಲು ಉದುರಿದ್ದರೆ ಇನ್ನೂ ಹೆಚ್ಚು.

ಟ್ರಸ್ ಬೇರೆಯಾಗುವುದು ಇಲ್ಲಿ. ಎರಡೂ ಬದಿಯಿಂದ 45 ಡಿಗ್ರಿ ಓರೆಯಾಗಿ ಪಿಲ್ಲರ್‌ನ ಮೇಲಿನ ಕಲ್ಲಿಗೆ ರಂಧ್ರ ಕೊರೆದು ಬೋಲ್ಟ್ ಕೂರಿಸುತ್ತಾರೆ. ಅವುಗಳ ಕೆಳತುದಿಗಳನ್ನು ಛಾವಣಿಗೆ ಒತ್ತಿಕೊಂಡ ಅಡ್ಡ ಸರಳಿನಿಂದ ಜೋಡಿಸಿ, ನಡುವಿನ ಟರ್ನ್‌ಬಕಲ್ ತಿರುಗಿಸಿ ಬಿಗಿಯುತ್ತಾರೆ. ಅಮೆರಿಕದ ಕಲ್ಲಿದ್ದಲು ಗಣಿಗಳಲ್ಲಿ 1960ರ ದಶಕದ ಕೊನೆಗೆ ಬಂದ ಉಪಾಯ ಇದು. ಹಿಡಿತ ಇರುವುದು ಪಿಲ್ಲರ್ ಮೇಲಿನ, ಕದಲದ ಕಲ್ಲಿನಲ್ಲಿ. ಸರಳಿನಲ್ಲಿ 10 ಟನ್ ಬಿಗಿತವಿದ್ದರೆ, ಉಜ್ಜಾಟದಲ್ಲಿ ಕಳೆಯುವುದನ್ನು ಬಿಟ್ಟು, ಒಂದೊಂದು ಬದಿಯಲ್ಲೂ ಸುಮಾರು 7 ಟನ್ ಮೇಲ್ಮುಖ ಒತ್ತು ಸಿಗುತ್ತದೆ. ಜೊತೆಗೆ ಛಾವಣಿಯನ್ನು ಎರಡೂ ಕಡೆಯಿಂದ ಒಳಕ್ಕೆ ಅದುಮುತ್ತದೆ. ಹೋಲಿಸಿ ನೋಡು: 4.2 ಮೀಟರ್ ಅಗಲ, ಟ್ರಸ್‌ನಿಂದ ಟ್ರಸ್‌ಗೆ 1.2 ಮೀಟರ್ ಅಂತರ, 1 ಮೀಟರ್ ದಪ್ಪದ ಶೇಲ್ ಸುಮಾರು 12 ಟನ್ ತೂಗುತ್ತದೆ.

ನೀನು ಗಮನಿಸಬೇಕಾದದ್ದು ಮುಖ್ಯವಾಗಿ ಕೋನ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ. ಪಿಲ್ಲರ್‌ನಿಂದ ಅರ್ಧ ಮೀಟರ್ ಬಿಟ್ಟು 2.4 ಮೀಟರ್ ರಂಧ್ರವನ್ನು 45 ಡಿಗ್ರಿಗೆ ಕೊರೆದರೆ ತುದಿ ಪಿಲ್ಲರ್ ಅಂಚನ್ನು ದಾಟಿ ಅದರ ಮೇಲಿನ ಕಲ್ಲಿನಲ್ಲಿ 1.2 ಮೀಟರ್ ಒಳಕ್ಕೆ ಹೋಗಿರುತ್ತದೆ. ಡ್ರಿಲ್ ಓರೆ ಹಿಡಿಯುವುದು ಕಷ್ಟ, ಜಾಗ ಸಾಲದು ಎಂದು 70 ಡಿಗ್ರಿಗೆ ಏರಿಸಿದರೆ ಆ 1.2 ಮೀಟರ್ 0.3 ಮೀಟರ್‌ಗೆ ಇಳಿಯುತ್ತದೆ. ಕೆಳಗೆ ನಿಂತು ನೋಡುವವನಿಗೆ ಎರಡೂ ಟ್ರಸ್ ಒಂದೇ ತರಹ ಕಾಣುತ್ತವೆ. ಆದ್ದರಿಂದ ರಂಧ್ರ ಮುಗಿದ ಮೇಲಲ್ಲ, ಕೊರೆಯಲು ಶುರು ಮಾಡುವಾಗಲೇ ಡ್ರಿಲ್ ರಾಡಿಗೆ ಕೋನಮಾಪಕ ಹಿಡಿದು ನೋಡು. ಬಿಗಿದ ಸರಳನ್ನು ಮರುದಿನ, ಹಾಗೂ ಹತ್ತಿರದಲ್ಲಿ ಬ್ಲಾಸ್ಟಿಂಗ್ ಆದ ಮೇಲೆ ಮತ್ತೆ ಪರೀಕ್ಷಿಸು. ಸಡಿಲವಾದ ಟ್ರಸ್ ಬರೀ ಕಬ್ಬಿಣದ ತೂಕ.

ಲಿಂಗಸುಗೂರಿನವನು:

ತುಂಬಾ ಧನ್ಯವಾದ ಕಾಕಾ. ಚಾಕ್ ವಿಷಯ ಸರ್ದಾರರಿಗೆ ಹೇಳಿದೆ, ಆ ಜಂಕ್ಷನ್‌ಗೆ ಬೇಲಿ ಹಾಕಿದ್ದಾರೆ. ಇನ್ನೊಂದು ಸಂಶಯ: ಅಲ್ಲಿನ ಹಳೆಯ ಬೋಲ್ಟ್‌ಗಳು ಎಳೆತ ಪರೀಕ್ಷೆಯಲ್ಲಿ ಪಾಸಾಗಿವೆ. ಹಾಗಾದರೆ ಅವುಗಳ ಬಗ್ಗೆ ಚಿಂತೆ ಬೇಡವೇ?

ನಿವೃತ್ತ ಓವರ್‌ಮನ್, ಸಿಂಧನೂರು:

ಬೇಲಿ ಹಾಕಿಸಿದ್ದು ಒಳ್ಳೆಯದಾಯಿತು ತಮ್ಮಾ.

ಎಳೆತ ಪರೀಕ್ಷೆಯಲ್ಲಿ ಪಾಸಾಯಿತೆಂದರೆ ಬೋಲ್ಟ್ ಎಲ್ಲೋ ಒಂದು ಕಡೆ ಗಟ್ಟಿಯಾಗಿ ಹಿಡಿದಿದೆ ಎಂದಷ್ಟೇ ಅರ್ಥ. ಉದ್ದಕ್ಕೂ ಸಿಮೆಂಟ್ ತುಂಬಿದ ಬೋಲ್ಟ್‌ನಲ್ಲಿ ಬಾಯಿಯ ಹತ್ತಿರದ ಸ್ವಲ್ಪ ಭಾಗವೇ ಆ ಎಳೆತವನ್ನೆಲ್ಲ ತಡೆದುಬಿಡಬಹುದು. ಮೇಲೆ ಅರ್ಧ ರಂಧ್ರ ಖಾಲಿ ಇದ್ದರೂ ಗೇಜ್‌ಗೆ ತಿಳಿಯುವುದಿಲ್ಲ. ಆದ್ದರಿಂದ ಹಾಕುವಾಗಲೇ ಪಕ್ಕದಲ್ಲಿ ನಿಂತು ನೋಡಬೇಕು: ರಂಧ್ರಕ್ಕೆ ಲೆಕ್ಕದಷ್ಟು ಕ್ಯಾಪ್ಸೂಲ್ ಹೋಯಿತೇ, ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ ನೆನೆಸಿದರೇ, ಬೋಲ್ಟ್ ಕೊನೆಯವರೆಗೆ ಹೋದಾಗ ಬಾಯಿಯಲ್ಲಿ ಸಿಮೆಂಟ್ ಕಾಣಿಸಿತೇ. ಬಕೆಟ್‌ನಲ್ಲಿ ಊಟದ ಹೊತ್ತಿನಿಂದ ನೆನೆದು ಗಟ್ಟಿಯಾದ ಕ್ಯಾಪ್ಸೂಲ್ ಕಂಡರೆ ಎಸೆಯಿಸು. ಯಾರು ಗೊಣಗಿದರೂ ಸರಿ.

ಆ ಜಂಕ್ಷನ್‌ನಲ್ಲಿ ಎರಡು ಎತ್ತರದ ಟೆಲ್‌ಟೇಲ್ (ಛಾವಣಿ ಎಷ್ಟು ಕದಲಿತೆಂದು ತೋರಿಸುವ ಸಾಧನ) ಇಲ್ಲದಿದ್ದರೆ ಟ್ರಸ್ ಹಾಕುವ ಮೊದಲೇ ಕೇಳಿ ಹಾಕಿಸು. ಅದರ ಒಂದು ಗುರುತು ಬೋಲ್ಟ್‌ಗಳ ಎತ್ತರದೊಳಗಿನ ಚಲನೆಯನ್ನು ತೋರಿಸುತ್ತದೆ, ಇನ್ನೊಂದು ಅದಕ್ಕಿಂತ ಮೇಲಿನದನ್ನು. ಪ್ರತಿ ಪಾಳಿಯಲ್ಲೂ ಓದಿ, ದಿನಾಂಕ ಹಾಕಿ ಹಲಗೆಯ ಮೇಲೆ ಬರೆದಿಡಿ. ಮೇಲಿನ ಚಲನೆಯ ಗುರುತು ಕದಲಲು ಶುರುವಾದರೆ ಬೋಲ್ಟ್ ಹಿಡಿದಿರುವ ಕಲ್ಲೇ ಮೇಲಿನಿಂದ ಬಿಡುತ್ತಿದೆ ಎಂದು ತಿಳಿ. ಆಗ ಟ್ರಸ್ ಬಿಗಿಯಲು ಹೋಗಬೇಡ. ಜನರನ್ನು ಹೊರಗೆ ಕರೆದು ಮ್ಯಾನೇಜರಿಗೆ ಫೋನ್ ಮಾಡಿಸು.